ಆ ಮಾತ್ರೆ ಮಾತ್ರ ಬಿಡಬೇಡ, ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. "ಈ ಹಾಳು ಮಾತ್ರೆಯಿಂದ ತಾನೇ ಶುಗರ್ ಬಂದಿದ್ದು, ಅದನ್ನೇ ಬಿಟ್ಟರೆ ಆಯ್ತಲ್ಲ" ಅಂದೆಯಲ್ಲ, ಆ ಮಾತು ಕಿವಿಯಿಂದ ಹೋಗುತ್ತಿಲ್ಲ. ಕಸಿ ಮಾಡಿದ ಕಿಡ್ನಿಯನ್ನು ನಿನ್ನ ಮೈ ತಿರಸ್ಕರಿಸದ ಹಾಗೆ ಕಾಯುತ್ತಿರುವುದೇ ಆ ಟ್ಯಾಕ್ರೋಲಿಮಸ್ ಮಾತ್ರೆ. ಸಿಟ್ಟಿಗೆ ಅಂದಿದ್ದಾಳೆ, ಬಿಡಿ ಅಂತಾಳೆ ಅಮ್ಮ. ಇರಬಹುದು. ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನನ್ನ ದನಿ ಏರುತ್ತದೆ, ನೀನು ಕಟ್ ಮಾಡುತ್ತೀಯ.

ನಿನಗೆ ಬೇಜಾರಾಗಿದ್ದರಲ್ಲಿ ತಪ್ಪೇನಿಲ್ಲ. ಡಯಾಲಿಸಿಸ್ ಮುಗಿಯಿತು, ಇನ್ನಾದರೂ ಎಲ್ಲರ ಹಾಗೆ ಇರೋಣ ಅಂದುಕೊಳ್ಳುವಷ್ಟರಲ್ಲಿ ಕೈಗೆ ಇನ್ಸುಲಿನ್ ಪೆನ್ ಬಂತು. ಆಸ್ಪತ್ರೆಯ ಕಥೆಯೆಲ್ಲಾ ನಿನಗೇ ಗೊತ್ತಿದೆ, ಅದು ಬೇಡ. ನನಗೆ ಮತ್ತೆ ಮತ್ತೆ ನೆನಪಾಗುವುದು ನೀರಿನದು.

ಡಯಾಲಿಸಿಸ್ ದಿನಗಳಲ್ಲಿ ಅಮ್ಮ ಬೆಳಿಗ್ಗೆಯೇ ಸ್ಟೀಲ್ ಜಗ್ಗಿನಲ್ಲಿ ನಿನ್ನ ನೀರು ಅಳೆದಿಡುತ್ತಿದ್ದಳು. ಸಾರು, ಮಜ್ಜಿಗೆ, ಕಾಫಿ ಎಲ್ಲಾ ಅದರ ಲೆಕ್ಕಕ್ಕೇ. ಬೇಸಿಗೆಯಲ್ಲಿ ನೀನು ಒಂದು ತುಂಡು ಐಸ್ ಬಾಯಿಗೆ ಹಾಕಿಕೊಂಡು ಅದು ಕರಗುವ ತನಕ ಮಾತಾಡುತ್ತಿರಲಿಲ್ಲ. ನಿನ್ನೆದುರು ಗಟಗಟ ನೀರು ಕುಡಿಯಲು ಮನಸ್ಸು ಬರದೆ ನಾನು ಹಿತ್ತಲಿಗೆ ಹೋಗಿ ಕುಡಿದು ಬರುತ್ತಿದ್ದೆ. ಇದನ್ನು ನಿನಗೆ ಹೇಳಿರಲಿಲ್ಲ. ಆಪರೇಷನ್ ಆದ ಮೇಲೆ ಡಾಕ್ಟರೇ "ಚೆನ್ನಾಗಿ ನೀರು ಕುಡಿ" ಅಂದರು. ನೀನು ಚೊಂಬುಗಟ್ಟಲೆ ಕುಡಿದೆ. ರಾತ್ರಿ ನಾಲ್ಕೈದು ಸಲ ಎದ್ದು ಬಾತ್‌ರೂಮಿಗೆ ಹೋಗುತ್ತಿದ್ದೆ. ಫ್ಲಶ್ ಸದ್ದು ಕೇಳಿದಾಗಲೆಲ್ಲ ನಾನೂ ಅಮ್ಮನೂ ಕತ್ತಲಲ್ಲೇ ನಗುತ್ತಿದ್ದೆವು. ಮೂತ್ರವೇ ನಿಂತುಹೋಗಿದ್ದ ಮಗಳು, ಈಗ ನೋಡು, ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ. ಅದರಲ್ಲಿ ಅರ್ಧ ಶುಗರಿನ ಬಾಯಾರಿಕೆ ಅಂತ ಯಾರಿಗೆ ಗೊತ್ತಿತ್ತು. ಬೆಳಗಿನ ಖಾಲಿ ಹೊಟ್ಟೆಯ ರಿಪೋರ್ಟ್ 94 ಇತ್ತು. ಊಟವಾದ ಮೇಲೆ ನೋಡಿದರೆ 312.

ನಾನು ಶುಗರಿನವನು, ನನಗೆ ಎಲ್ಲಾ ಗೊತ್ತು ಅಂದುಕೊಂಡಿದ್ದೆ. ನಿನ್ನದು ಬೇರೆಯೇ. ನನಗೆ ಬೆಳಿಗ್ಗೆಯೇ ಜಾಸ್ತಿ ಇರುತ್ತದೆ. ನೀನು ಬೆಳಿಗ್ಗೆ ನುಂಗುವ ಸ್ಟೆರಾಯ್ಡ್ ಮಧ್ಯಾಹ್ನದಿಂದ ರಾತ್ರಿವರೆಗೆ ಶುಗರ್ ಏರಿಸುತ್ತದೆ, ಮೈಯಲ್ಲಿರುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲು ಬಿಡುವುದಿಲ್ಲ. ಟ್ಯಾಕ್ರೋಲಿಮಸ್ ಇನ್ನೊಂದು ಕಡೆಯಿಂದ ಇನ್ಸುಲಿನ್ ಬರುವುದನ್ನೇ ಕಡಿಮೆ ಮಾಡುತ್ತದೆ. ಅದಕ್ಕೇ ಹೇಳುವುದು, ಬರೀ ಬೆಳಿಗ್ಗೆ ಚೆಕ್ ಮಾಡಿ ಸರಿಯಿದೆ ಅಂದುಕೊಳ್ಳಬೇಡ. ಮಧ್ಯಾಹ್ನ ಊಟವಾಗಿ ಎರಡು ಗಂಟೆ ಬಿಟ್ಟು, ಮತ್ತೆ ರಾತ್ರಿ ಊಟಕ್ಕೆ ಮುಂಚೆ ನೋಡು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ ಆಪರೇಷನ್ ಆದ ಹೊಸತರಲ್ಲಿ ನಂಬುವ ಹಾಗಿಲ್ಲ. ರಕ್ತ ಕಡಿಮೆ ಇದ್ದರೆ, ರಕ್ತ ಹಾಕಿಸಿಕೊಂಡಿದ್ದರೆ ಅದರ ಲೆಕ್ಕ ತಪ್ಪುತ್ತದೆ.

ಇನ್ನೊಂದು ಮಾತು. ಮನೆಯಲ್ಲಿ ಯಾರಿಗಾದರೂ ಶುಗರ್ ಇದ್ದರೆ ಈ ಮಾತ್ರೆಗಳಿಂದ ಶುಗರ್ ಬರುವ ಸಾಧ್ಯತೆ ಜಾಸ್ತಿಯಂತೆ. ಶುಗರ್ ಇದೆ ಅಂತಲೇ ನನ್ನ ಕಿಡ್ನಿ ಬೇಡ ಅಂದರು, ಅಮ್ಮ ಕೊಟ್ಟಳು. ನನ್ನಿಂದ ನಿನಗೆ ಬಂದಿದ್ದು ಇದು. ನೀನು ಇಲ್ಲ ಅಂತೀಯ, ಗೊತ್ತು. ಆದರೂ ಅನಿಸುತ್ತದೆ.

ಈಗ ಆ ಮಾತ್ರೆಯ ವಿಷಯ. 1954ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಮೊದಲ ಸಲ ಕಿಡ್ನಿ ಕಸಿ ಗೆದ್ದಿದ್ದು ತದ್ರೂಪಿ ಅವಳಿ ಅಣ್ಣತಮ್ಮಂದಿರ ನಡುವೆ. ಇಬ್ಬರ ಮೈಯೂ ಒಂದೇ ಆಗಿದ್ದರಿಂದ ಈ ಮಾತ್ರೆಗಳ ಅಗತ್ಯ ಬೀಳಲಿಲ್ಲ. ನೀನೂ ಅಮ್ಮನೂ ಅವಳಿಗಳಲ್ಲ ಪುಟ್ಟಿ. ಅವಳು ನಿನ್ನನ್ನು ಹೆತ್ತವಳೇ ಆದರೂ ನಿನ್ನ ರಕ್ತಕ್ಕೆ ಅವಳ ಕಿಡ್ನಿ ಹೊರಗಿನದೇ. ಮಾತ್ರೆ ಬಿಟ್ಟರೆ ಮೈ ಅದರ ಮೇಲೆ ತಿರುಗಿ ಬೀಳುತ್ತದೆ. ಮೊದಮೊದಲು ನೋವೂ ಇರುವುದಿಲ್ಲ, ಜ್ವರವೂ ಇಲ್ಲದಿರಬಹುದು, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಸುಮ್ನೆ ರಕ್ತದಲ್ಲಿ ಏರುತ್ತಾ ಹೋಗುತ್ತದೆ. ಗೊತ್ತಾಗುವ ಹೊತ್ತಿಗೆ ಕೈಮೀರಿರುತ್ತದೆ. ಶುಗರಿಗೆ ಇನ್ಸುಲಿನ್ ಇದೆ, ಮಾತ್ರೆ ಇದೆ, ಊಟ ಇದೆ, ನಡಿಗೆ ಇದೆ. ಕಿಡ್ನಿ ಹೋದರೆ ಮತ್ತೆ ಆ ಜಗ್ಗು. ನನಗೆ ಆ ಜಗ್ಗು ಇನ್ನೊಮ್ಮೆ ನೋಡುವ ಶಕ್ತಿ ಇಲ್ಲ.

ಹಾಗಂತ ಬಾಯಿಮುಚ್ಚಿಕೊಂಡು ನುಂಗು ಅಂತಲೂ ಅಲ್ಲ. ಡಾಕ್ಟರನ್ನು ಕೇಳು. ಸ್ಟೆರಾಯ್ಡ್ ಇಳಿಸಬಹುದಾ, ಟ್ಯಾಕ್ರೋಲಿಮಸ್ ಡೋಸ್ ಕಡಿಮೆ ಮಾಡಬಹುದಾ, ಅದೇ ಕೆಲಸ ಮಾಡುವ ಸೈಕ್ಲೋಸ್ಪೋರಿನ್ ಅನ್ನುವ ಇನ್ನೊಂದು ಔಷಧಿಗೆ ಬದಲಾಯಿಸಬಹುದಾ ಅಂತ. ಶುಗರ್ ಅದರಲ್ಲಿ ಸ್ವಲ್ಪ ಕಡಿಮೆ, ಆದರೆ ಕಿಡ್ನಿಗೆ ರಕ್ಷಣೆಯೂ ಅಷ್ಟಿಲ್ಲ ಅಂತಾರೆ. ತೂಗಿ ನೋಡಬೇಕಾದವರು ಅವರು. ಸ್ಟೆರಾಯ್ಡ್ ಇಳಿದ ಹಾಗೆ ಕೆಲವರಿಗೆ ಇನ್ಸುಲಿನ್ ತಪ್ಪಿ ಮಾತ್ರೆ ಸಾಕಾಗುತ್ತದೆ, ಕೆಲವರಿಗೆ ಶುಗರ್ರೇ ಹೋಗುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. ನಿನ್ನದು ಯಾವುದು ಅಂತ ಕಾದು ನೋಡಬೇಕು.

ನಿನ್ನ ಪಿಜಿ ಆಂಟಿ ಅಮೃತಬಳ್ಳಿ ಕಷಾಯ ಕೊಡುತ್ತೇನೆ ಅಂದರಂತೆ, ಅಮ್ಮ ಹೇಳಿದಳು. ಒಳ್ಳೆಯ ಮನಸ್ಸಿನವರು, ಆದರೆ ಬೇಡ ಅನ್ನು. ನಾವು ಇಷ್ಟು ಕಷ್ಟಪಟ್ಟು ತಗ್ಗಿಸಿಟ್ಟಿರುವ ರೋಗನಿರೋಧಕ ಶಕ್ತಿಯನ್ನು ಅದು ಎಬ್ಬಿಸಬಹುದು. ಆಫೀಸಿನಲ್ಲಿ ಯಾರಾದರೂ ದೇವನಹಳ್ಳಿ ಚಕ್ಕೋತ ತಂದುಕೊಟ್ಟರೆ ಅದೂ ಬೇಡ, ರಕ್ತದಲ್ಲಿ ಟ್ಯಾಕ್ರೋಲಿಮಸ್ ಲೆವೆಲ್ ಏರಿಸುತ್ತದೆ. ರಾಗಿ ಒಳ್ಳೆಯದು ಅಂತ ಎರಡು ಮುದ್ದೆ ಇಳಿಸಿದರೆ ಶುಗರ್ ಏರದೆ ಇರುವುದಿಲ್ಲ. ಅನ್ನ ಅರ್ಧ ಮಾಡು, ಪಲ್ಯ ಜಾಸ್ತಿ ಹಾಕಿಸಿಕೋ. ಕಾಲಿನ ಸಣ್ಣ ಗಾಯವನ್ನೂ ಉದಾಸೀನ ಮಾಡಬೇಡ. ಭಾಷಣ ಆಯ್ತು ಅಂತೀಯ, ಆಗಲಿ.

ನನ್ನ ದೊಡ್ಡ ಹೆದರಿಕೆ ಶುಗರ್ ಏರುವುದಲ್ಲ, ಇಳಿಯುವುದು. ಇನ್ಸುಲಿನ್ ಹಾಕಿಕೊಂಡು ಮೀಟಿಂಗ್ ಅಂತ ಊಟ ಮುಂದೆ ಹಾಕುತ್ತೀಯ. ಕೈ ನಡುಗಿದರೆ ಟ್ಯಾಕ್ರೋಲಿಮಸಿನ ನಡುಕ ಅಂತ ಸುಮ್ಮನಿರಬೇಡ, ತಕ್ಷಣ ಬೆರಳು ಚುಚ್ಚಿ ಶುಗರ್ ನೋಡು. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿ, 15 ನಿಮಿಷ ಬಿಟ್ಟು ಮತ್ತೆ ನೋಡು. ಪಕ್ಕದ ಮಂಚದ ಹುಡುಗಿಗೆ ಇದನ್ನೆಲ್ಲ ಹೇಳಿಡು. ನಾಚಿಕೆ ಯಾಕೆ? ಮೊದಲ ಸಲ ಪೆನ್ ಹಿಡಿದಾಗ ಸೂಜಿ ಜೋಡಿಸಿ, ಒಂದು ಹನಿ ಬಿಟ್ಟು ನೋಡಿ, ಹೊಟ್ಟೆಯ ಚರ್ಮ ಚಿವುಟಿ ಹಿಡಿದು ನೀನೇ ಹಾಕಿಕೊಂಡೆ. ನನ್ನ ಕೈಯಲ್ಲಿ ಇವತ್ತಿಗೂ ಆಗದ ಕೆಲಸ ಅದು, ನನಗೆ ಅಮ್ಮನೇ ಹಾಕಬೇಕು. ಆವತ್ತು ನಿನ್ನ ಮೇಲೆ ಎಷ್ಟು ಹೆಮ್ಮೆ ಆಯ್ತು ಅಂತ ಹೇಳದೆ, ನಿನ್ನೆ ಬರೀ ಕೂಗಾಡಿದೆ. ಬೇಜಾರು ಮಾಡಿಕೊಳ್ಳಬೇಡ ಮಗಳೇ.

ಗುರುವಾರ ಟ್ಯಾಕ್ರೋಲಿಮಸ್ ಲೆವೆಲ್ ಟೆಸ್ಟ್ ಇದೆ. ರಕ್ತ ಕೊಡುವ ತನಕ ಬೆಳಗಿನ ಡೋಸ್ ನುಂಗಬೇಡ, ಕೊಟ್ಟ ಕೂಡಲೇ ನುಂಗು. ಅರಸೀಕೆರೆಯಿಂದ ಬೆಳಗಿನ ಜಾವದ ರೈಲು ಹಿಡಿದು ನಾನೂ ಬರುತ್ತೇನೆ. ಬೇಡ ಅನ್ನಬೇಡ. ಡಾಕ್ಟರ ಹತ್ತಿರ ಒಳಗೆ ನೀನೊಬ್ಬಳೇ ಹೋಗಿ ಕೇಳಬೇಕಾದ್ದು ಕೇಳು, ನಾನು ಹೊರಗೆ ಕೂತಿರುತ್ತೇನೆ.

ನಿನ್ನ
ಅಪ್ಪ