ಕಿರ್ಕೆನೆಸ್ ಬರೀ ಏಡಿ ತಿನ್ನುವ ಊರಲ್ಲ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ನಾರ್ವೆಯ ಕಿರ್ಕೆನೆಸ್ ಪ್ರವಾಸದ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಆದರೆ ನಾರ್ದರ್ನ್ ಲೈಟ್ಸ್ ಮತ್ತು ದೊಡ್ಡ ಏಡಿ ಬಿಟ್ಟರೆ ಅಲ್ಲಿ ಏನೂ ಇಲ್ಲ, ಜನವೂ ಇಲ್ಲ ಅನ್ನುವ ಮಾತು ಹಿಡಿಸಲಿಲ್ಲ. ನಾನು ಕುದುರೆಮುಖದ ಗಣಿಯಲ್ಲಿ 22 ವರ್ಷ ಮೆಕ್ಯಾನಿಕ್ ಆಗಿದ್ದವನು. ಮಗ ಆಸ್ಲೊದಲ್ಲಿದ್ದಾನೆ. ಹೋದ ವರ್ಷ ಜೂನ್‌ನಲ್ಲಿ ಅವನ ಜೊತೆ ಆ ಊರಿಗೆ ಹೋಗಿದ್ದೆ. ಹೋಗಿದ್ದೇ ಗಣಿ ನೋಡಲಿಕ್ಕೆ. (ಅಲ್ಲಿಯವರ ಬಾಯಲ್ಲಿ ಅದು ಹೆಚ್ಚುಕಮ್ಮಿ 'ಶಿರ್ಕೆನೆಸ್'.)

ಜನ ಕಡಿಮೆ, ಅದು ನಿಜ. ಕಿರ್ಕೆನೆಸ್ ಇರುವ ಸೋರ್-ವರಾಂಗರ್ ಪುರಸಭೆ ಹತ್ತಿರಹತ್ತಿರ ನಮ್ಮ ಕೊಡಗು ಜಿಲ್ಲೆಯಷ್ಟು ದೊಡ್ಡದು. ಜನ ಮಾತ್ರ ಸುಮಾರು 10 ಸಾವಿರ. ಆದರೆ ನಾರ್ವೆಗೂ ರಷ್ಯಾಕ್ಕೂ ನಡುವಿನ ಸುಮಾರು 198 ಕಿ.ಮೀ. ಗಡಿ ಪೂರ್ತಿ ಈ ಒಂದು ಪುರಸಭೆಯ ಅಂಚಿನಲ್ಲೇ ಇದೆ. 1826ಕ್ಕೂ ಮೊದಲು ಅಲ್ಲಿ ಗಡಿ ಗೆರೆಯೇ ಇರಲಿಲ್ಲ. ಎರಡೂ ಕಡೆಯವರು ಬಂದು ಅಲ್ಲಿನ ಮೂಲನಿವಾಸಿಗಳಾದ ಅದೇ ಸ್ಕೋಲ್ಟ್ ಸಾಮಿ ಜನರಿಂದ ಕಂದಾಯ ಎತ್ತುತ್ತಿದ್ದರು. ಗೆರೆ ಎಳೆದಾಗ ಪಸ್ವಿಕ್ ನದಿಯನ್ನು ಹಿಡಿದು ಬಂದ ಗಡಿ ಒಂದು ಕಡೆ ಪಶ್ಚಿಮ ದಡಕ್ಕೆ ಹಾರುತ್ತದೆ. ಆ ದಡದಲ್ಲಿ ಬೋರಿಸ್ ಗ್ಲೆಬ್ ಅನ್ನುವ ಆರ್ಥೊಡಾಕ್ಸ್ ಚರ್ಚು ಇತ್ತು, ಅದು ರಷ್ಯಾದವರಿಗೆ ಬೇಕಿತ್ತು. ದೇವರ ಮನೆಗಾಗಿ ಗಡಿ ಬಗ್ಗಿತು ಅಂದರೆ ನಮ್ಮವರು ಕೂಡಲೇ ನಂಬುತ್ತಾರೆ, ಅಲ್ವಾ?

ಗಣಿ ಕಂಪನಿ ಶುರುವಾದದ್ದು 1906ರಲ್ಲಿ. ರಸ್ತೆ ಬದಿಯಲ್ಲಿ ಬಿದ್ದಿದ್ದ ಒಂದು ಕಲ್ಲು ಎತ್ತಿಕೊಂಡೆ. ಕಪ್ಪು ಬೂದು ಪಟ್ಟೆ, ಗಾತ್ರಕ್ಕಿಂತ ಜಾಸ್ತಿ ಭಾರ. ಮಗನ ಕೀ ಗೊಂಚಲಿನ ಅಯಸ್ಕಾಂತ ಟಕ್ ಅಂತ ಅಂಟಿಕೊಂಡಿತು. ನಮ್ಮದೇ ಮ್ಯಾಗ್ನೆಟೈಟ್, ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು! ಕಬ್ಬಿಣದ ಅಂಶ ಕಡಿಮೆ, ನುಣ್ಣಗೆ ಅರೆದು ಬೇರೆ ಮಾಡಬೇಕು. ನಾವು ಅದನ್ನು ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದೆವು, ಅವರು ಅದಿರನ್ನು ರೈಲಿನಲ್ಲಿ ಕಿರ್ಕೆನೆಸ್‌ಗೆ ಇಳಿಸುತ್ತಿದ್ದರು. ಅವರ ಗಣಿ 1996ರಲ್ಲಿ ಮುಚ್ಚಿ, 2009ರಲ್ಲಿ ತೆರೆದು, 2015ರಲ್ಲಿ ಮತ್ತೆ ನಿಂತಿತು. ನಮ್ಮದು 2005ರ ಕೊನೆಗೆ ಒಂದೇ ಸಲಕ್ಕೆ.

ಲೇಖನದಲ್ಲಿ ಎರಡನೇ ಮಹಾಯುದ್ಧದ ಸುದ್ದಿಯೇ ಇಲ್ಲ. ಸೋವಿಯತ್ ಬಂದರು ಮುರ್ಮಾನ್ಸ್ಕ್ ಹಿಡಿಯಲು ಹೊರಟ ಜರ್ಮನರಿಗೆ ಕಿರ್ಕೆನೆಸ್ ನೆಲೆಯಾಗಿತ್ತು. ಹಾಗಾಗಿ ಸೋವಿಯತ್ ವಿಮಾನಗಳು ಊರಿನ ಮೇಲೆ 300ಕ್ಕೂ ಹೆಚ್ಚು ಸಲ ದಾಳಿ ಮಾಡಿದವು. ಊರ ನಡುವೆ ಆಂಡರ್ಸ್‌ಗ್ರೋಟ್ಟ ಅನ್ನುವ ಬಾಂಬ್ ಆಸರೆ ಈಗಲೂ ಇದೆ. ಒಳಗೆ ಇಳಿದರೆ ಗೋಡೆಯಿಂದ ನೀರು ತೊಟ್ಟಿಕ್ಕುತ್ತದೆ, ಮೂಳೆ ಕೊರೆಯುವ ಚಳಿ. 1944ರ ಶರತ್ಕಾಲದಲ್ಲಿ ಜರ್ಮನರು ಊರು ಸುಟ್ಟು ಹಿಂದೆ ಸರಿಯುವಾಗ ಸುಮಾರು 3 ಸಾವಿರ ಜನ ಬ್ಯೋರ್ನೆವಾತ್ನ್‌ನ ಗಣಿ ಸುರಂಗದಲ್ಲಿ ಅಡಗಿದ್ದರು. ಅವರ ಜೊತೆ ದನಕರುಗಳೂ ಇದ್ದವು. ಒಳಗೇ 10 ಮಕ್ಕಳು ಹುಟ್ಟಿದವು. ಸುರಂಗದಲ್ಲಿ ಒಂದು ಪಾಳಿ ಕಳೆದರೇ ಉಸಿರು ಕಟ್ಟಿದ ಹಾಗಾಗುತ್ತದೆ, ಅಲ್ಲಿ ಬಾಣಂತನ ಅಂದರೆ ನನ್ನ ಊಹೆಗೂ ಮೀರಿದ್ದು. ಅಕ್ಟೋಬರ್ 25ರಂದು ಕೆಂಪು ಸೇನೆ ಊರು ಬಿಡಿಸಿತು. ಬಾಂಬ್ ಹಾಕಿದವರೇ ಬಿಡಿಸಿದವರು. ಆ ಸೈನಿಕನ ಪ್ರತಿಮೆ ಇವತ್ತೂ ಅಲ್ಲೇ ನಿಂತಿದೆ.

ಬೀದಿ ಬೋರ್ಡುಗಳಲ್ಲಿ ನಾರ್ವೇಜಿಯನ್ ಕೆಳಗೆ ರಷ್ಯನ್ ಅಕ್ಷರ. 2012ರಿಂದ ಗಡಿಯ ಎರಡೂ ಕಡೆಯ 30 ಕಿ.ಮೀ. ಒಳಗಿನವರಿಗೆ ವೀಸಾ ಇಲ್ಲದೆ ಓಡಾಡಲು ಪಾಸ್ ಸಿಗುತ್ತಿತ್ತು. ಉಕ್ರೇನ್ ಯುದ್ಧದ ನಂತರ ಗಡಿ ದಾಟುವ ಸ್ಟೋರ್‌ಸ್ಕೋಗ್ ಗೇಟು ಬಹಳ ಮಟ್ಟಿಗೆ ಸುಮ್ಮನಾಗಿದೆ. ನಾವು ಹೋದಾಗ ಅರ್ಧ ಗಂಟೆಯಲ್ಲಿ ಒಂದೇ ವ್ಯಾನು ಬಂತು.

ಇನ್ನು ಆ ಏಡಿ. ಅದು ನಾರ್ವೆಯ ಸೊತ್ತಲ್ಲ. 1960ರ ದಶಕದಲ್ಲಿ ಸೋವಿಯತ್ ವಿಜ್ಞಾನಿಗಳು ದೂರದ ಪೆಸಿಫಿಕ್ ಸಮುದ್ರದಿಂದ ತಂದು ಬ್ಯಾರೆಂಟ್ಸ್ ಸಮುದ್ರಕ್ಕೆ ಬಿಟ್ಟದ್ದು. ಪಾಸ್ ಕೇಳದೆ ಗಡಿ ದಾಟಿ ಬಂತು.

ನಿಮ್ಮ ಲೇಖಕರು ಮತ್ತೆ ಹೋದರೆ ಊಟ ಮುಗಿಸಿ ಬ್ಯೋರ್ನೆವಾತ್ನ್‌ಗೂ ಹೋಗಿಬರಲಿ. ಸುಮಾರು 10 ಕಿ.ಮೀ. ಅಷ್ಟೇ. ಹೆಸರಿನ ಅರ್ಥ ಕರಡಿ ಕೆರೆ. ಸ್ವೆಟರ್ ಜೂನ್‌ನಲ್ಲೂ ಬೇಕು.

– ನಿವೃತ್ತ ಗಣಿ ಮೆಕ್ಯಾನಿಕ್, ಕಳಸ