ಕಾಡುಮಣ್ಣಿನ ಚೀಲ ಇನ್ನು ಸಿಗುವುದಿಲ್ಲ

ಆತ್ಮೀಯ ಗ್ರಾಹಕರೇ,

ಈ ಮಳೆಗಾಲದಿಂದ ನಮ್ಮ ಶಿರಸಿಯ ನರ್ಸರಿ ಕಳಿಸುವ ಕುಂಡದ ಮಿಶ್ರಣದಲ್ಲಿ ಕಾಡುಮಣ್ಣು ಇರುವುದಿಲ್ಲ. ಅಡಿಕೆ ಸಿಪ್ಪೆಯ ಕಾಂಪೋಸ್ಟ್, ಕೊಟ್ಟಿಗೆ ಗೊಬ್ಬರ, ಕೊಕೊಪೀಟ್, ತೋಟದ ಕೆಂಪು ಮಣ್ಣು ಇಷ್ಟೇ ಇರುತ್ತದೆ. ಬೆಲೆ ಹಳೆಯದೇ.

"ಆ ಕಪ್ಪು ಮಣ್ಣೇ ಕೊಡಿ, ಗುಲಾಬಿ ಅದರಲ್ಲೇ ಚೆನ್ನಾಗಿ ಬರುತ್ತೆ" ಅನ್ನುವವರು ಜಾಸ್ತಿ. ವರ್ಷ ಕಳೆದ ಮೇಲೆ ಅವರೇ ಫೋನ್ ಮಾಡುತ್ತಾರೆ. ಮಣ್ಣು ಕುಸಿದಿದೆ, ಕೆಂಪಾಗಿದೆ, ಇಟ್ಟಿಗೆ ಥರ ಗಟ್ಟಿಯಾಗಿದೆ ಅಂತ. ಮೋಸ ಮಾಡಿದ್ದಲ್ಲ. ನಮ್ಮ ಕಾಡಿನಲ್ಲಿ ಕಪ್ಪು ಮಣ್ಣು ಅನ್ನುವುದು ಮೇಲಿನ ತೆಳು ಪದರ ಮಾತ್ರ. ಗುದ್ದಲಿ ಸ್ವಲ್ಪ ಆಳಕ್ಕೆ ಹೋದರೆ ಕೆಂಪು ಮಣ್ಣೇ. ಕಪ್ಪು ಬಣ್ಣ ಕೊಟ್ಟಿದ್ದು ಕೊಳೆತ ದರಕು (ಉದುರಿದ ಒಣ ಎಲೆ), ಸತ್ತ ಬೇರು, ಶಿಲೀಂಧ್ರದ ಎಳೆ. ಇವುಗಳ ಒಣ ತೂಕದಲ್ಲಿ ಸುಮಾರು ಅರ್ಧ ಇಂಗಾಲ.

ಸೂಕ್ಷ್ಮಜೀವಿಗಳು ಅದನ್ನು ದಿನವೂ ತಿಂದು ಗಾಳಿಗೆ ಬಿಡುತ್ತಿರುತ್ತವೆ. ಕಾಡಿನಲ್ಲಿ ಮೇಲಿಂದ ಎಲೆ ಉದುರುತ್ತಲೇ ಇರುತ್ತದೆ, ಹಾಗಾಗಿ ಹೋದದ್ದು ತುಂಬಿಕೊಳ್ಳುತ್ತದೆ. ಒಂದಿಷ್ಟು ಇಂಗಾಲ ಜೇಡಿಯ ಕಣಕ್ಕೆ, ಕಬ್ಬಿಣದ ಅಂಶಕ್ಕೆ ಅಂಟಿಕೊಂಡು, ಸಣ್ಣ ಹೆಂಟೆಗಳ ಒಳಗೆ ಸೇರಿ ನೂರಾರು ವರ್ಷವೂ ಉಳಿಯಬಹುದು. ನಾವು ಅಗೆದು, ಜರಡಿ ಹಿಡಿದು, ಚೀಲ ತುಂಬಿದಾಗ ಹೆಂಟೆ ಒಡೆಯುತ್ತದೆ. ಗಾಳಿ ತಗಲುತ್ತದೆ. ಒಳಗೆ ಭದ್ರವಾಗಿದ್ದದ್ದೂ ಸೂಕ್ಷ್ಮಜೀವಿಗಳ ಬಾಯಿಗೆ ಬೀಳುತ್ತದೆ. ಬೆಂಗಳೂರಿನ ಬಾಲ್ಕನಿಯಲ್ಲಿ ಎಲೆ ಉದುರಿಸಲು ಮತ್ತಿ ಮರ ಎಲ್ಲಿಂದ ಬರಬೇಕು ಹೇಳಿ?

ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ 2021ರ ವರದಿ ಪ್ರಕಾರ ದೇಶದ ಕಾಡುಗಳಲ್ಲಿ ಇರುವ ಇಂಗಾಲ ಸುಮಾರು 720 ಕೋಟಿ ಟನ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಮಣ್ಣಿನಲ್ಲಿ. ಮರ ಉಳಿಸಿ ಅಂತ ಚೀಲದ ಮೇಲೆ ಅಚ್ಚು ಹಾಕಿಸಿ, ಒಳಗೆ ಆ ಕಾಡುಮಣ್ಣನ್ನೇ ತುಂಬಿ ಮಾರುತ್ತಿದ್ದೆವು! ಸೊಪ್ಪಿನ ಬೆಟ್ಟ (ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲು ಬಿಟ್ಟ ಕಾಡು) ಇರುವುದು ಸೊಪ್ಪಿಗೆ, ಮಣ್ಣು ಕೆರೆಯುವುದಕ್ಕಲ್ಲ. ಕೆರೆದ ಜಾಗ ಇನ್ನೂ ಬೋಳಾಗಿದೆ, ಮಳೆ ಬಂದರೆ ಕೆಂಪು ನೀರು ಹರಿಯುತ್ತದೆ. ಅಲ್ಲಿ ಈಗ ದರಕು ಗುಡಿಸುವುದನ್ನೂ ಬಿಟ್ಟಿದ್ದೇವೆ.

ಹೊಸ ಮಿಶ್ರಣ ಅಷ್ಟು ಕಪ್ಪಗಿರುವುದಿಲ್ಲ. ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಕಾಂಪೋಸ್ಟ್ ಹಾಕಿ, ಮೇಲೆ ಒಣ ಎಲೆ ಹೊದಿಸಿ. ಹಳೆಯ ಕುಂಡ ಗಟ್ಟಿಯಾಗಿದ್ದರೆ ಮಣ್ಣು ಎಸೆಯಬೇಡಿ, ಹೊಸ ಮಿಶ್ರಣವನ್ನೇ ಅರ್ಧಕ್ಕರ್ಧ ಬೆರೆಸಿ. ಕಾಡುಮಣ್ಣಿಗೆ ಮುಂಗಡ ಕೊಟ್ಟವರು ಫೋನ್ ಮಾಡಿದರೆ ಸಾಕು, ಹಣ ವಾಪಸ್ ಕಳಿಸುತ್ತೇವೆ.

ಇಂತಿ,
ನರ್ಸರಿ ಬಳಗ, ಶಿರಸಿ