ತೂಕ ನೋಡಿ ಬುದ್ಧಿ ಅಳೆಯಬೇಡಿ

ಮಾನ್ಯ ಸಂಪಾದಕರೇ,

ದಪ್ಪ ಮಕ್ಕಳಿಗೆ ಬುದ್ಧಿ ಚುರುಕಿರುವುದಿಲ್ಲವಂತೆ ಎಂದು ನಮ್ಮ ಶಾಲೆಯ ಪೋಷಕರ ಸಭೆಯಲ್ಲಿ ತಂದೆಯೊಬ್ಬರು ಹೇಳಿದರು. ಐದನೇ ತರಗತಿಯಲ್ಲಿ ಓದುವ ಅವರ ಮಗಳು ಪಕ್ಕದಲ್ಲೇ ತಲೆತಗ್ಗಿಸಿ ಕುಳಿತಿದ್ದಳು. ನನಗೆ ಸಂಕಟವಾಯಿತು.

ಅಮೆರಿಕದಲ್ಲಿ 9–10 ವರ್ಷದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಎತ್ತರಕ್ಕೆ ಹೋಲಿಸಿದರೆ ತೂಕ ಹೆಚ್ಚಿದ್ದವರಲ್ಲಿ ಮಿದುಳಿನ ಹೊರಪದರ ಸರಾಸರಿಯಲ್ಲಿ ತುಸು ತೆಳುವಾಗಿತ್ತು, ನೆನಪಿನ ಪರೀಕ್ಷೆಯ ಅಂಕವೂ ಕಡಿಮೆಯಿತ್ತು ನಿಜ. ಆದರೆ ಅದು ತೋರಿಸಿದ್ದು ನಂಟನ್ನು ಮಾತ್ರ. ತೂಕವೇ ಕಾರಣವೆಂದು ಸಾಬೀತಾಗಿಲ್ಲ. ನಿದ್ದೆ, ಆಟ, ಮನೆಯ ಬಡತನ ಎಲ್ಲವೂ ಅದರೊಳಗೆ ಹೆಣೆದುಕೊಂಡಿರುತ್ತವೆ. ಸರಾಸರಿಯನ್ನು ಹಿಡಿದು ಒಂದು ಮಗುವಿನ ಹಣೆಬರಹ ಓದುವುದು ಅನ್ಯಾಯ.

ತೂಕ ಕಡಿಮೆಯಿರುವ ಮಕ್ಕಳ ಬಗ್ಗೆ ಇಷ್ಟು ಆತಂಕ ಏಕಿಲ್ಲ? ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಹಳ್ಳಿಗಳಲ್ಲಿ 1969ರಿಂದ 1977ರವರೆಗೆ ಎಳೆಯ ಮಕ್ಕಳಿಗೆ ಪ್ರೋಟೀನ್ ಬೆರೆಸಿದ ಗಂಜಿ ಕೊಟ್ಟರು. ಅದನ್ನು ಕುಡಿದು ಬೆಳೆದವರು ದೊಡ್ಡವರಾದ ಮೇಲೂ ಓದಿನ ಪರೀಕ್ಷೆಗಳಲ್ಲಿ ಮುಂದಿದ್ದರು. ನಮ್ಮೂರ ಅಂಗನವಾಡಿಯಲ್ಲಿ ಮಕ್ಕಳನ್ನು ತೂಗುವ ಯಂತ್ರವೇ ಕೆಟ್ಟು ಮೂಲೆ ಸೇರಿದೆ. ಸಂಬಂಧಪಟ್ಟವರು ಮೊದಲು ಅದನ್ನು ದುರಸ್ತಿ ಮಾಡಿಸಲಿ. ಶಾಲೆಗಳೂ ಆಟದ ಅವಧಿಯನ್ನು ಗಣಿತಕ್ಕೆ ಕಸಿದುಕೊಳ್ಳುವುದನ್ನು ನಿಲ್ಲಿಸಲಿ.

– ಪ್ರಾಥಮಿಕ ಶಾಲಾ ಶಿಕ್ಷಕಿ, ರಾಯಚೂರು ಜಿಲ್ಲೆ